ಡಿಹ್ಯುಮಿಡಿಫೈಯರ್ ಚೆನ್ನಾಗಿದೆ, ಅದರ ನೀರಿನ ಡಬ್ಬಿಯೊಂದನ್ನು ಬಿಟ್ಟು

ಜುಲೈ ತಿಂಗಳಲ್ಲಿ ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಕರಿದ ಹಪ್ಪಳವನ್ನು ಊಟ ಮುಗಿಯುವುದರೊಳಗೆ ಮಡಚಬಹುದು, ಮುರಿಯುವುದಿಲ್ಲ. ಉಪ್ಪಿನ ಭರಣಿಯ ತಳದಲ್ಲಿ ನೀರು, ಚಪ್ಪಲಿಯ ಮೇಲೆ ಹಸಿರು ಬೂಷ್ಟು, ಕಪಾಟು ತೆರೆದರೆ ಮುಗ್ಗಲು ವಾಸನೆ. ಮದುವೆಯ ರೇಷ್ಮೆ ಸೀರೆಗಳ ಮೇಲೆ ಬಿಳಿ ಚುಕ್ಕೆ ಕಂಡ ವರ್ಷ ಈ ಡಿಹ್ಯುಮಿಡಿಫೈಯರ್, ಅಂದರೆ ಕೋಣೆಯ ಗಾಳಿಯ ತೇವ ತೆಗೆಯುವ ಯಂತ್ರ, ಕೊಂಡೆ. ಅದಕ್ಕೆ ಮೊದಲು ಕರ್ಪೂರ, ಬೇವಿನೆಲೆ, ಸಿಲಿಕಾ ಜೆಲ್, ನೇತುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಎಲ್ಲವೂ ಆಗಿತ್ತು. ಚೀಲವೇನೋ ಕೆಲಸ ಮಾಡುತ್ತದೆ, ಮುಚ್ಚಿದ ಕಪಾಟಿನ ಮಟ್ಟಿಗೆ.

ನನ್ನದು ಹದಿನೈದು ಸಾವಿರದ ಆಸುಪಾಸಿನ ಕಂಪ್ರೆಸರ್ ಮಾದರಿ. ಒಳಗಿನ ತಣ್ಣನೆಯ ಕೊಳವೆಗಳಿಗೆ ತಗುಲಿ ಗಾಳಿಯ ತೇವ ನೀರಾಗಿ ಡಬ್ಬಿಗೆ ಇಳಿಯುತ್ತದೆ. ಒಣಗಿದ ಗಾಳಿ ಬೆಚ್ಚಗಾಗಿ ಹೊರಬರುತ್ತದೆ. ಆರ್ದ್ರತೆಯನ್ನು ಶೇಕಡಾ 55ಕ್ಕೆ ಇಟ್ಟು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಬೇಕು. ತೆರೆದಿಟ್ಟರೆ ಅರಬ್ಬೀ ಸಮುದ್ರವನ್ನು ಒಣಗಿಸಲು ಹೊರಟಂತೆ.

ಸೀರೆ ಉಳಿಯಿತು. ಆದರೆ ನನ್ನ ಮನಸ್ಸು ಗೆದ್ದದ್ದು ಒಗೆದ ಬಟ್ಟೆಯ ವಿಷಯದಲ್ಲಿ. ರಾತ್ರಿ ಊಟವಾದ ಮೇಲೆ ಸಣ್ಣ ಕೋಣೆಯಲ್ಲಿ ಸ್ಟ್ಯಾಂಡ್ ಬಿಡಿಸುತ್ತೇನೆ. ಮಗಳ ಸಮವಸ್ತ್ರ ಗಾಳಿಗೆ ಎದುರಾಗಿ, ಅದರ ಹಿಂದೆ ಟವೆಲ್‌ಗಳು, ಕೊನೆಗೆ ಜೀನ್ಸ್. ಅದರ ಒಳಮೈಯನ್ನು ಹೊರಗೆ ಮಾಡಿ ಜೇಬುಗಳನ್ನೂ ಎಳೆದು ಬಿಡಬೇಕು. ಬೆಳಗ್ಗೆ ಕೈಯಾಡಿಸಿದರೆ ಸೊಂಟದ ಪಟ್ಟಿಯ ಹೊಲಿಗೆಯೂ ಒಣಗಿರುತ್ತದೆ. ಊರಿನಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಲಂಗ ತೊಟ್ಟು, ಹೊಗೆಯ ವಾಸನೆ ಹೊತ್ತು ಶಾಲೆಗೆ ಹೋದವಳು ನಾನು. ಇದರ ಬೆಲೆ ನನಗೆ ಗೊತ್ತು.

ಇನ್ನು ಆ ಡಬ್ಬಿಯ ವಿಚಾರ. ಹಿಡಿಯುವುದು ಎರಡೇ ಲೀಟರ್. ಮಳೆ ಜೋರಾಗಿದ್ದು ಒದ್ದೆ ಬಟ್ಟೆಯೂ ಇದ್ದರೆ ಬೆಳಗಿನ ಜಾವಕ್ಕೇ ತುಂಬಿ ಯಂತ್ರ ನಿಲ್ಲುತ್ತದೆ. ನಿಂತರೆ ನಿಲ್ಲಲಿ, ಕೂಗುವುದೇಕೆ? ಯಾರಾದರೂ ಎದ್ದು ನೀರು ಚೆಲ್ಲುವವರೆಗೂ ಬೀಪ್, ಬೀಪ್. ಆ ಸದ್ದು ಅಡಗಿಸುವ ಗುಂಡಿಯೇ ಇಲ್ಲ. ಹಿಂಬದಿಯಲ್ಲಿ ಪೈಪ್ ಜೋಡಿಸುವ ತೂತು ಇದೆ, ಪೈಪ್ ಕೊಟ್ಟಿಲ್ಲ. ಸೇವಾ ಕೇಂದ್ರಕ್ಕೆ ಫೋನ್ ಮಾಡಿದರೆ ‘ಅದು ಬೇರೆಯಾಗಿ ಬರುತ್ತದೆ ಮೇಡಂ, ಸದ್ಯ ಸ್ಟಾಕ್ ಇಲ್ಲ’ ಎಂಬ ಉತ್ತರ. ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಾಕಿದರೆ ಮತ್ತೊಂದು ತಕರಾರು. ತೂತು ನೆಲಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ಬಚ್ಚಲಿನ ಹೊಸ್ತಿಲೇ ಅದಕ್ಕಿಂತ ಎತ್ತರ. ಒಳಗೆ ಪಂಪ್ ಇಲ್ಲದ ಮೇಲೆ ನೀರು ಮೇಲಕ್ಕೆ ಹತ್ತೀತೇ? ಕೊನೆಗೆ ಗಟ್ಟಿ ಮರದ ಸ್ಟೂಲಿನ ಮೇಲೆ ಕೂರಿಸಿದೆವು. ಈಗ ನೀರು ಹರಿಯುತ್ತದೆ, ಆದರೆ ಕಂಪ್ರೆಸರ್ ಅದುರಿದಾಗ ಸ್ಟೂಲೂ ಗುಂಯ್‌ಗುಡುತ್ತದೆ. ಅದರ ಕಾಲುಗಳ ಕೆಳಗೆ ಹಳೆಯ ಯೋಗ ಚಾಪೆಯ ತುಂಡುಗಳನ್ನು ಇಟ್ಟಿದ್ದೇವೆ.

ಕೋಣೆ ಬಿಸಿಯಾಗುತ್ತದೆ, ಮಲಗುವಲ್ಲಿ ಇಡಬೇಡಿ. ಆದರೆ ‘ಇಷ್ಟು ದುಡ್ಡು ಸುರಿದು ನೀರು ಹಿಡಿಯುವುದೇ?’ ಎಂದಿದ್ದ ಅತ್ತೆಯವರೇ ಈಗ ಸಂಜೆ ಆ ಬಿಸಿ ಗಾಳಿಗೆ ಮೊಣಕಾಲು ಒಡ್ಡಿ ಕೂರುತ್ತಾರೆ. ‘ಬಟ್ಟೆ ಹರವಬೇಕು, ಏಳಿ ಅತ್ತೆ’ ಎಂದರೆ ‘ಐದು ನಿಮಿಷ ಇರು ಮಾರಾಯ್ತಿ’ ಎನ್ನುತ್ತಾರೆ. ಅವರನ್ನು ಕೇಳಿದರೆ ಐದಕ್ಕೆ ಐದು ಅಂಕ. ನನ್ನದು ಮೂರೂವರೆ.

ಕರೆಂಟು ಸುಮಾರು ನಾಲ್ಕು ಗಂಟೆಗೆ ಒಂದು ಯೂನಿಟ್. ನಮಗೆ ಕರೆಂಟು ಕೊಡುವ ಮಹಾವಿತರಣ ಕಂಪನಿಯ ತಿಂಗಳ ಬಿಲ್ಲು 300 ಯೂನಿಟ್ ದಾಟಿದರೆ ದರವೂ ಮೇಲೇರುವುದರಿಂದ ಎಸಿ ಹಾಕಿದ ದಿನ ಇದಕ್ಕೆ ರಜೆ. ಡಬ್ಬಿಯ ನೀರು ನೆಲ ಒರೆಸಲು ಸರಿ, ಕುಡಿಯಲು ಅಲ್ಲ. ಕೊಳ್ಳುವುದಾದರೆ ಅಂಗಡಿಯಲ್ಲೇ ಡಬ್ಬಿಯನ್ನು ಹೊರಗೆಳೆದು ಆ ಬೀಪ್ ಒಮ್ಮೆ ಕೇಳಿ; ಬಚ್ಚಲಿನ ಹೊಸ್ತಿಲಿನ ಎತ್ತರವನ್ನು ಅಳೆದುಕೊಂಡೇ ಹೋಗಿ.