ಪ್ಲಗ್ ವೈರ್ ಎಲ್ಲಾ ಒಟ್ಟಿಗೆ ಕೀಳಬೇಡಿ, ನಾನು ಕಿತ್ತು ಕೆಟ್ಟೆ

ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಒಂದೇ ಭಾನುವಾರದಲ್ಲಿ ಕೈಯಾರೆ ಕೆಡಿಸಿಕೊಂಡೆ. ಹಳೆಯ ಪೆಟ್ರೋಲ್ ಪಿಕಪ್ ಟ್ರಕ್, ವಿ8 ಎಂಜಿನ್ ಅಂದರೆ ಎಂಟು ಸಿಲಿಂಡರ್, ಪಂಪ್ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸ್ವಲ್ಪ ಸತಾಯಿಸುತ್ತಿತ್ತು, ಅಷ್ಟೇ. ಸಿಲಿಂಡರ್‌ನಲ್ಲಿ ಕಿಡಿ ಹೊಡೆಯುವ ಪ್ಲಗ್, ಅದಕ್ಕೆ ಕರೆಂಟ್ ತರುವ ವೈರ್, ಪೆಟ್ರೋಲ್ ಫಿಲ್ಟರ್ ಬದಲಾಯಿಸೋಕೆ ಮೆಕ್ಯಾನಿಕ್ ಯಾಕೆ ಅಂದುಕೊಂಡೆ.

ಮೊದಲ ಪೆಟ್ಟು ಫಿಲ್ಟರ್‌ನಿಂದ. ನನಗೆ ಕಾರ್ಬುರೇಟರ್ ಗಾಡಿಯ ಅಭ್ಯಾಸ. ಪೈಪ್ ಸಡಿಲಿಸಿದರೆ ನಾಲ್ಕು ಹನಿ ತೊಟ್ಟಿಕ್ಕುತ್ತದೆ, ಒರೆಸಿದರೆ ಮುಗೀತು. ಇಂಜೆಕ್ಷನ್ ಗಾಡಿ ಹಾಗಲ್ಲ. ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ನನ್ನ ಗಾಡಿಯಲ್ಲಿ ಅದು ಸುಮಾರು 60 ಪಿಎಸ್‌ಐ, ಕಾರಿನ ಟೈರಿನಲ್ಲಿ ಇರುವುದರ ಎರಡರಷ್ಟು. ಸ್ಪ್ಯಾನರ್ ಅರ್ಧ ಸುತ್ತು ತಿರುಗಿಸಿದ್ದೆ, ಪೆಟ್ರೋಲ್ ಬುಸ್ ಅಂತ ಮುಖಕ್ಕೇ ಹೊಡೆಯಿತು. ಕಣ್ಣುರಿ ಆರೋವರೆಗೂ ನಲ್ಲಿ ಕೆಳಗೆ ತಲೆ ಬಗ್ಗಿಸಿ ನಿಂತಿದ್ದೆ. ಎಂಜಿನ್ ಬಿಸಿಯಿದ್ದಿದ್ದರೆ ಇದನ್ನು ಬರೆಯೋಕೆ ನಾನು ಇರುತ್ತಿದ್ದೆನೋ ಇಲ್ಲವೋ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿಗೆ ಬಟ್ಟೆ ಸುತ್ತಿ ಕೈ ಹಾಕಬೇಕು. ಐದು ನಿಮಿಷದ ಕೆಲಸ, ಮಾಡಲಿಲ್ಲ.

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು, ಅಲ್ವಾ? ಕಣ್ಣೊರೆಸಿಕೊಂಡು ಬಂದು ಎಂಟೂ ಪ್ಲಗ್ ವೈರ್ ಒಟ್ಟಿಗೆ ಕಿತ್ತೆ. ಜಾಣ ಅಂತ ಒಂದೊಂದಕ್ಕೂ ಪೇಪರ್ ಟೇಪ್ ಸುತ್ತಿ ಪೆನ್ನಲ್ಲಿ ಸಿಲಿಂಡರ್ ನಂಬರ್ ಬರೆದಿದ್ದೆ. ಆಯಿಲ್ ಕೈಗೆ ಟೇಪ್ ನಿಲ್ಲುತ್ತಾ? ಹಳೆಯದನ್ನು ನೋಡಿಕೊಂಡು ಹೊಸ ವೈರ್ ಹಾಕುವ ಹೊತ್ತಿಗೆ 5 ಮತ್ತು 7ರ ಟೇಪ್ ಇರಲೇ ಇಲ್ಲ. ಅಂದಾಜಿನಲ್ಲಿ ಹಾಕಿದೆ. 5ರ ಟೇಪ್ ಸಂಜೆ ನನ್ನ ಚಪ್ಪಲಿ ಅಡಿ ಸಿಕ್ಕಿತು.

ನನ್ನ ಎಂಜಿನ್ ಕಿಡಿ ಹೊಡೆಯುವ ಕ್ರಮ 1-8-4-3-6-5-7-2. 5 ಮತ್ತು 7 ಅಕ್ಕಪಕ್ಕದ ಸಿಲಿಂಡರ್‌ಗಳು, ಒಂದರ ಹಿಂದೆ ಒಂದು ಉರಿಯುತ್ತವೆ. ಆ ಎರಡೇ ಅದಲು ಬದಲಾದರೆ ಎಂಜಿನ್ ಪೂರ್ತಿ ನಿಲ್ಲುವುದಿಲ್ಲ. ಅದೇ ಕುತ್ತು. ಉಳಿದ ಆರರಲ್ಲಿ ಕುಂಟುತ್ತಾ ಓಡುತ್ತದೆ. ಮಿಸ್ಸಿಂಗ್ ಜೋರಾಗಿತ್ತು, ಬಾನೆಟ್ ನಡುಗುತ್ತಿತ್ತು, ಆಗಾಗ ಪಟ್ ಅಂತ ಸದ್ದು. ಹೊಸ ಪ್ಲಗ್, ಹೊಂದಿಕೊಳ್ಳಲಿ ಅಂತ ಇಪ್ಪತ್ತು ನಿಮಿಷ ಸುತ್ತಾಡಿಸಿದೆ. ಪ್ಲಗ್ ಹೊಂದಿಕೊಳ್ಳೋಕೆ ಅದೇನು ಚಪ್ಪಲಿಯಾ! ಚೆಕ್ ಎಂಜಿನ್ ದೀಪ ಬರೀ ಉರಿಯುತ್ತಿರಲಿಲ್ಲ, ಮಿನುಗುತ್ತಿತ್ತು. ಮಿನುಗಿದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ, ಅಂದರೆ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿಗೆ, ಹೋಗಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ನಿಲ್ಲಿಸಿ ಬಗ್ಗಿ ನೋಡಿದೆ. ಮಬ್ಬುಗತ್ತಲಲ್ಲಿ ಕನ್ವರ್ಟರ್ ಕೆಂಡದ ಹಾಗೆ ಹೊಳೆಯುತ್ತಿತ್ತು.

ಆದರೂ ವೈರ್ ಮೇಲೆ ಅನುಮಾನ ಬರಲಿಲ್ಲ ನೋಡಿ. ಒಂದೇ ದಿನ ಎಲ್ಲಾ ಬಿಚ್ಚಿದ್ದರಿಂದ ಯಾವುದರ ತಪ್ಪು ಅಂತ ಹೇಗೆ ಹೇಳುವುದು? ಏರ್ ಫಿಲ್ಟರ್ ಬಾಕ್ಸಿನ ಹತ್ತಿರ ಗಾಳಿ ಅಳೆಯುವ ಸೆನ್ಸರ್ ಇದೆ. ಅದು ಕೊಳೆಯಾಗಿರಬೇಕು ಅಂತ ಕೈಗೆ ಸಿಕ್ಕ ಕಾರ್ಬುರೇಟರ್ ಕ್ಲೀನರ್ ಹೊಡೆದೆ. ಒಳಗೆ ಕೂದಲಿನಂಥ ತಂತಿ ಇರುತ್ತದೆ, ಅದಕ್ಕೆ ಬೇರೆಯೇ ಸ್ಪ್ರೇ ಬೇಕು. ಸೆನ್ಸರ್ ಅಲ್ಲೇ ಸತ್ತಿತು.

ಮಾರನೇ ದಿನ ಮೆಕ್ಯಾನಿಕ್ ಬಂದು ಆ ಎರಡು ವೈರ್ ಅದಲು ಬದಲು ಮಾಡಿದ ಕೂಡಲೇ ನಡುಕ ನಿಂತಿತು. "ಒಂದು ಕಿತ್ತು ಒಂದು ಹಾಕೋಕೆ ಏನ್ ಕಷ್ಟ ಇತ್ತು ಸಾರ್?" ಅಂದ. ಅಷ್ಟೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೆನ್ಸರ್ ಹೊಸದು ಹಾಕಿಸಿದ್ದೇನೆ. ಕನ್ವರ್ಟರ್ ಇನ್ನೂ ಆಗಿಲ್ಲ. ಒಳಗಿನ ಜೇನುಗೂಡಿನಂಥ ಜಾಲ ಒಡೆದಿದೆ, ಕೈಯಿಂದ ತಟ್ಟಿದರೆ ಗಲಗಲ ಅನ್ನುತ್ತದೆ. ಏರು ಸಿಕ್ಕರೆ ಗಾಡಿಗೆ ಉಸಿರು ಕಟ್ಟುತ್ತದೆ.