ಮಾವನ ಹಳೇ ಗಿಟಾರ್ ಮತ್ತೆ ನುಡಿಯಿತು: ಬೆಂಗಳೂರಿನ ಒಂದು ರಿಪೇರಿ ಅಂಗಡಿಯ ಅನುಭವ

ಮಾವ ಕಾಲೇಜಿನಲ್ಲಿದ್ದಾಗ ಕೊಂಡಿದ್ದ ಅಕೌಸ್ಟಿಕ್ ಗಿಟಾರ್ ಶಿವಮೊಗ್ಗದ ಮನೆಯ ಬೀರು ಮೇಲೆ ಎಷ್ಟೋ ಮಳೆಗಾಲ ಕಳೆದಿತ್ತು, ಅದೂ ತಂತಿ ಸಡಿಲ ಮಾಡದೆ. ಹನ್ನೆರಡನೇ ಫ್ರೆಟ್ (ನೆಕ್ ಅಂದರೆ ಗಿಟಾರಿನ ಉದ್ದ ಕತ್ತಿನ ಮೇಲಿರುವ ಲೋಹದ ಅಡ್ಡಪಟ್ಟಿ) ಹತ್ತಿರ ತಂತಿ 4 ಮಿಲಿಮೀಟರಿಗಿಂತ ಮೇಲೆ ನಿಂತಿತ್ತು, ಒತ್ತಿದರೆ ಬೆರಳು ಉರಿ. ಮೊದಲು ಹೋದ ದೊಡ್ಡ ಮಳಿಗೆಯಲ್ಲಿ ಚೀಲದ ಜಿಪ್ ಪೂರ್ತಿ ಎಳೆಯೋಕೂ ಬಿಡಲಿಲ್ಲ. "ನೆಕ್ ಹೋಗಿದೆ ಸಾರ್, ಹೊಸದು ತಗೊಳ್ಳಿ" ಅಂದರು.

ಆಮೇಲೆ ಸ್ನೇಹಿತ ಹೇಳಿದ ಈ ಅಂಗಡಿ. ಬೋರ್ಡ್ ಇಲ್ಲ, ಕೆಲಸಕ್ಕೆ ಒಬ್ಬರೇ. ಅವರು ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಗಿಟಾರಿನ ಒಡಲಿಗೆ ಸೇರುವ ಕಡೆ ತಂತಿ ಒತ್ತಿ ಹಿಡಿದು, ನೆಕ್ ಬಾಗಿದೆಯಾ ಅಂತ ನಡುವೆ ತಂತಿಗೂ ಫ್ರೆಟ್ಟಿಗೂ ಇರುವ ಸಂದು ನೋಡಿದರು. ನೆಕ್ ಚೆನ್ನಾಗೇ ಇತ್ತು! ತಪ್ಪಿದ್ದದ್ದು ಒಡಲ ಮೇಲೆ ತಂತಿ ಹಿಡಿದಿಡುವ ಮರದ ತುಂಡಾದ ಬ್ರಿಡ್ಜ್‌ನಲ್ಲಿ. ಅದರ ಹಿಂದೆ ಮರ ಹೊಟ್ಟೆ ಬಂದ ಹಾಗೆ ಉಬ್ಬಿತ್ತು, ಅಡಿಗೆ ಕಾಗದದ ತುಂಡು ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ಆರು ತಂತಿಯ ಎಳೆತ ಸೇರಿದರೆ ಸುಮಾರು 70 ಕಿಲೋ, ಅಂಟು ಎಷ್ಟು ವರ್ಷ ತಡೆಯುತ್ತೆ ಹೇಳಿ ಅಂತ ನಕ್ಕರು. ಹಿಂದೆ ಯಾರೋ (ಮಾವನೇ, ಇನ್ಯಾರು) ಅಲ್ಲಿಗೆ ಸೂಪರ್ ಗ್ಲೂ ಸುರಿದಿದ್ದರು. ಬ್ರಿಡ್ಜ್ ಬಿಡಿಸಿ, ಅದನ್ನೆಲ್ಲ ಕೆರೆದು ತೆಗೆದು, ಮರದ ಅಂಟು ಹಾಕಿ, ಒಂದು ಇಡೀ ದಿನ ಕ್ಲಾಂಪ್‌ನಲ್ಲಿ ಬಿಗಿದಿಟ್ಟರಂತೆ.

ಸಿ, ಜಿ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಬೆರಳ ಹಿಡಿತ) ಹಿಡಿದೂ ಹಿಡಿದೂ ಮೊದಲ ಮೂರು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ಸಣ್ಣ ಗುಳಿ ಬಿದ್ದಿತ್ತು, ಅಲ್ಲಿ ನುಡಿಸಿದರೆ ಝರ್ ಅನ್ನುತ್ತಿತ್ತು. ಎಲ್ಲಾ ಫ್ರೆಟ್ ಬದಲಾಯಿಸಿ ಅಂತ ನಾನೇ ಹೇಳಿದೆ. ಅವರು ಒಪ್ಪಲಿಲ್ಲ. ಇನ್ನೂ ಎತ್ತರ ಉಳಿದಿದೆ, ಉಜ್ಜಿ ಸಮ ಮಾಡಿ ಮೇಲೆ ದುಂಡಗೆ ತಿದ್ದಿದರೆ ಸಾಕು ಅಂದರು. ಗೀರುಗಳಿಗೆ ಪಾಲಿಶ್ ಕೇಳಿದಾಗಲೂ ಸುಮ್ನೆ ದುಡ್ಡು ದಂಡ ಅಂದರು. ಬರುವ ದುಡ್ಡು ಬೇಡ ಅನ್ನೋ ಅಂಗಡಿ ನಾನು ಜಾಸ್ತಿ ನೋಡಿಲ್ಲ.

ಮೂಳೆಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತೆಳು ಪಟ್ಟಿ), ಹೊಸ ತಂತಿ ಸೇರಿ 3,800 ರೂಪಾಯಿ. ಈಗ ದಪ್ಪ ತಂತಿ 2.5 ಮಿಲಿಮೀಟರಿಗೆ ಇಳಿದಿದೆ, ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಬಾರ್ ಕಾರ್ಡ್ ಆರಾಮಾಗಿ ಹಿಡಿಯಬಹುದು.

ದೂರು ಒಂದೇ. ವಾರದಲ್ಲಿ ಕೊಡ್ತೀನಿ ಅಂದವರು 24 ದಿನ ತೆಗೆದುಕೊಂಡರು, ಫೋನ್ ಅಂತೂ ಎತ್ತೋದೇ ಇಲ್ಲ. ಅವಸರ ಇದ್ದವರಿಗೆ ಆಗಿಬರಲ್ಲ. ಮೂರನೇ ತಂತಿಯ ಬಿರಡೆ ಹಲ್ಲು ಸವೆದು ಆಗಾಗ ಜಾರುತ್ತೆ, ಅದನ್ನು ಕೊಡುವಾಗಲೇ ಹೇಳಿದ್ದರು. ದೀಪಾವಳಿ ಆದಮೇಲೆ ಅದಕ್ಕೇ ಇನ್ನೊಮ್ಮೆ ಹೋಗಬೇಕು, ಅಷ್ಟರಲ್ಲಿ ಹೊಂದುವ ಬಿರಡೆ ಹುಡುಕಿಡ್ತೀನಿ ಅಂದಿದ್ದಾರೆ.