ಥಿಂಕ್ ಟ್ಯಾಂಕ್ ಸೇರುವುದಾದರೆ ಯಾವ ಬಗೆಯದು?

ದೇಶದ ನೀತಿಯಲ್ಲಿ ಕೈಯಾಡಿಸಬೇಕು, ಆದರೆ ಚುನಾವಣೆಗೆ ನಿಲ್ಲೋದು ಬೇಡ ಅನ್ನುವವರಿಗೆ ಥಿಂಕ್ ಟ್ಯಾಂಕ್, ಅಂದರೆ ನೀತಿಗಳನ್ನು ಅಧ್ಯಯನ ಮಾಡಿ ಸಲಹೆ ಕೊಡುವ ಸಂಸ್ಥೆ, ಒಂದು ದಾರಿ. ಅದರಲ್ಲಿ ಎರಡು ಮಾದರಿ ಇವೆ.

ಅಮೆರಿಕದ ಹೆರಿಟೇಜ್ ಫೌಂಡೇಶನ್ ಶುರುವಾದದ್ದು 1973ರಲ್ಲಿ. ಒಲವು ಸಂಪ್ರದಾಯವಾದಿಗಳ ಕಡೆಗೆ, ಅದನ್ನು ಮುಚ್ಚಿಡುವುದೂ ಇಲ್ಲ. 1980ರಲ್ಲಿ ಅದೇ ಒಲವಿನ ರೊನಾಲ್ಡ್ ರೇಗನ್ ಅಧ್ಯಕ್ಷ ಚುನಾವಣೆ ಗೆದ್ದಾಗ ಇವರ ಬಳಿ ಸಾವಿರ ಪುಟ ದಾಟಿದ ಶಿಫಾರಸು ರೆಡಿ ಇತ್ತು. ಹೊಸ ಸರ್ಕಾರಕ್ಕೆ ಪುರುಸೊತ್ತು ಕಡಿಮೆ ಅಲ್ವಾ? ಸಿದ್ಧ ಕರಡಿಗೆ ಬೆಲೆ ಬರುವುದೇ ಆಗ. ಸರ್ಕಾರ ಬದಲಾದರೆ ಮಾತ್ರ ಕಷ್ಟ.

ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 1969ರದ್ದು. ಬಜೆಟ್ ಬಂದ ಮರುದಿನವೇ ಲೆಕ್ಕ ಬಿಡಿಸಿಡುತ್ತದೆ: ಯಾರ ಜೇಬಿಗೆ ಕತ್ತರಿ, ಯಾರಿಗೆ ಲಾಭ. ಆಡಳಿತ, ವಿರೋಧ ಎರಡೂ ಕಡೆಯವರು ಅದೇ ಅಂಕಿ ಹಿಡಿದು ಜಗಳವಾಡುತ್ತಾರೆ.

ನನ್ನ ಓಟು ಎರಡನೆಯದಕ್ಕೆ. ಅವಸರ ಜಾಸ್ತಿ ಇದ್ದರೆ ಮೊದಲನೆಯದು. ಎಲ್ಲಿಗೇ ಹೋದರೂ ದುಡ್ಡು ಕೊಡುವವರು ಯಾರೆಂದು ಮೊದಲೇ ವಿಚಾರಿಸಿ.